ಚಿತ್ತಪ್ಪನ ಕಾರಿನೊಳಗೊಂದು ಕೆರೆ

ಚಿತ್ತಪ್ಪ ಕಾರಿನೊಳಗೆ ಕಾಲಿಟ್ಟದ್ದೇ ತಡ, ನೀರು ಕಣಕಾಲು ದಾಟಿ ಮೇಲೇರಿತು. ನಿನ್ನೆ ಸಂಜೆ ಜಗಳೂರಿಗೆ ಹತ್ತು ವರ್ಷದ ಮಳೆ ಒಂದೇ ತಾಸಿನಲ್ಲಿ ಸುರಿದು, ಊರಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಅವನ ಕಾರಿನಲ್ಲಿ ಬಂದು ಕೂತಿತ್ತು. ಟಾಪು ಮಡಚಿದರೆ ಆಕಾಶ ಕಾಣುವ ಕಾರು. ನಾಲ್ಕು ತಾಲ್ಲೂಕು ಹುಡುಕಿದರೂ ಅಂಥದ್ದು ಇನ್ನೊಂದಿಲ್ಲ. ಈಗ ಟಾಪು ಹಾಕಿದರೂ ಅದರ ಹರುಕಿನಲ್ಲಿ ಆಕಾಶ ಕಾಣುತ್ತಿತ್ತು.

ಇವತ್ತೇ ಮಗಳ ಮದುವೆ. ಹನ್ನೊಂದಕ್ಕೆ ಚನ್ನಗಿರಿಯಿಂದ ಬೀಗರ ಬಸ್ಸು. ಮದುಮಗನನ್ನು ಬಸ್ ಸ್ಟ್ಯಾಂಡಿನಿಂದ ಇದೇ ಕಾರಿನಲ್ಲಿ ಮೆರೆಸಿ ತರುತ್ತೇನೆಂದು ಚಿತ್ತಪ್ಪ ನಿಶ್ಚಿತಾರ್ಥದಲ್ಲೇ ಎಲ್ಲರೆದುರು ಮೀಸೆ ತಿರುವಿದ್ದ.

"ಜಯಪ್ಪನ ಜೀಪು ಕೇಳ್ರಿ," ಎಂದಳು ಹೆಂಡತಿ ಉಚ್ಚಂಗೆಮ್ಮ.

"ನನ್ನ ಮಗಳ ಮದುವಿಗೆ ಇನ್ನೊಬ್ಬನ ಜೀಪಾ? ಅಳಿಯನ್ನ ಹೆಗಲ ಮ್ಯಾಲೆ ಹೊತ್ಕೊಂಡು ಬರ್ತೀನಿ."

"ಹೊತ್ಕೊಂಡೇ ಬರ್ರಿ. ಹೆಗಲಾದ್ರೆ ಸೋರಾಕಿಲ್ಲ."

ಚಿತ್ತಪ್ಪ ಹಲ್ಲು ಕಡಿದು ಚೊಂಬು ಹಿಡಿದ. ಸಾವಿರದೊಂದು ಚೊಂಬು ಮೊಗೆದು ಚೆಲ್ಲಿದ. ಒಂಬತ್ತು ಕಂಬಳಿ ಹಾಸಿದ. ಒಂಬತ್ತೂ ಹೊಟ್ಟೆತುಂಬ ಕುಡಿದು ಮಲಗಿದವು. ಎರಡು ಚೀಲ ಶೇಂಗಾ ಹೊಟ್ಟು ಸುರಿದ. ಅದು ಪಾಯಸದ ದ್ರಾಕ್ಷಿಯಂತೆ ತೇಲಿತು. ತಳಕ್ಕೆ ಅಂಟಿಸಿದ್ದ ಕೆಂಪು ಕಾರ್ಪೆಟ್ಟು ಒತ್ತಿದಷ್ಟೂ ನೀರು ಕೊಡುತ್ತಿತ್ತು. ಅವನ ಮನೆಯ ಎಮ್ಮೆಗೆ ಹುಟ್ಟಿದಾಗಿನಿಂದ ಅಷ್ಟು ಧಾರಾಳ ಬುದ್ಧಿ ಬಂದಿರಲಿಲ್ಲ. ಮೇಲಾಗಿ ಇಡೀ ಕುರಿಹಿಂಡು ನೆನೆದ ವಾಸನೆ.

ಕೊನೆಗೆ ಮೆಕ್ಯಾನಿಕ್ ನಾಗರಾಜಪ್ಪ ಬಂದು ಕಾರಿನಡಿ ತೂರಿದ. ಅಲ್ಲಿಂದಲೇ ಕೂಗಿದ: "ಚಿತ್ತಣ್ಣ, ತಳದಾಗೆ ನೀರು ಇಳಿಯೋ ತೂತು ಇರ್ತಾವೆ. ಇಲ್ಲಿ ಬರೇ ಡಾಂಬರೈತಲ್ಲ, ಯಾರು ಮೆತ್ತಿದ್ದು?"

"ನಾನೇ! ಬ್ಯಾಸಿಗ್ಯಾಗೆ ಧೂಳು ನುಗ್ತಿತ್ತು. ಏಳೂ ತೂತು ಮುಚ್ಚೀನಿ, ಒಂದು ಇರುವೆ ಬರ್ಲಿ ನೋಡಾಣ," ಎಂದ ಚಿತ್ತಪ್ಪ. ಆ ಹೊತ್ತಿನಲ್ಲೂ ಅವನ ಎದೆ ಒಂದು ಗೇಣು ಉಬ್ಬಿತು.

"ಇರುವೆ ಬರಾಕಿಲ್ಲ, ನೀರು ಹೋಗಾಕಿಲ್ಲ. ಭಾಳ ಚಲೋ ಮೆತ್ತೀರಿ. ಕಿತ್ತು ತೆಗೆಯಾಕೆ ಸಂಜೆ ಆಗ್ತೈತೆ."

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಚಿತ್ತಪ್ಪ ಕಾರ್ಪೆಟ್ಟಿನ ಮೇಲೆ ಜಮಖಾನ ಎಳೆದು, ಬಾನೆಟ್ಟಿಗೆ ಹೂವಿನ ಹಾರ ಬಿಗಿದು, ಟಾಪು ಮಡಚಿ ಹೊರಟೇಬಿಟ್ಟ.

ಮದುಮಗ ರೇವಣ್ಣ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಅವನ ಸೋದರತ್ತೆ ಕರಿಬಸಮ್ಮ, ಕಾಲು ಮಡಚಿ ಸೀಟಿನ ಮೇಲೇ ಚಕ್ಕಳಮಕ್ಕಳ ಹಾಕಿದಳು. ವಾಲಗ ಊದಿತು, ಊರೆಲ್ಲ ಬಾಯಿಬಿಟ್ಟು ನೋಡಿತು. ಚಿತ್ತಪ್ಪ ಬ್ರೇಕು ಒತ್ತಿದಾಗಲೆಲ್ಲ ನೀರು ಮುಂದಕ್ಕೆ ಬಂದು ಅವನನ್ನು ಮಾತಾಡಿಸಿ, ಕಾರು ಹೊರಟಾಗ ಅಳಿಯನ ಕಡೆಗೆ ಓಡುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ, ರೇವಣ್ಣ ಸದ್ದಿಲ್ಲದೆ ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಏರಿಸಿಕೊಳ್ಳುತ್ತಿದ್ದ. ಚಿತ್ತಪ್ಪ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದ.

ಚಪ್ಪರದ ಮುಂದೆ ಕಾರು ನಿಂತಿತು. ಉಚ್ಚಂಗೆಮ್ಮ ತಾಟು, ನೀರಿನ ತಂಬಿಗೆ ಹಿಡಿದು ಕಾಯುತ್ತಿದ್ದಳು. ಚಿತ್ತಪ್ಪ ಇಳಿದು, ಅಳಿಯನ ಪಾದ ತೊಳೆಯಲು ತಂಬಿಗೆ ಎತ್ತಿಕೊಂಡ. ರೇವಣ್ಣನ ಎರಡೂ ಕಾಲಿನಿಂದ ತೊಟತೊಟ ನೀರು. ಹೆಬ್ಬೆರಳಿಗೆ ಒಂದು ಶೇಂಗಾ ಹೊಟ್ಟು ಅಂಟಿತ್ತು.

ಕರಿಬಸಮ್ಮ ಸೀಟಿನ ಮೇಲಿನಿಂದಲೇ ಬಗ್ಗಿ ನೋಡಿ ಅಂದಳು:

"ತಂಬಿಗೆ ಒಳಗಿಡ್ರಿ ಬೀಗರೆ. ಬಸ್ ಸ್ಟ್ಯಾಂಡಿನಿಂದ ತೊಳೆದದ್ದು ಸಾಕು. ಒರೆಸಾಕೆ ಯಾರದಾದ್ರೂ ಒಣ ಕಾರೈತೇನು ನೋಡ್ರಿ."