ಅತ್ತೆಯ ಕಾದಂಬರಿಗೆ ಮುಂಗಡ ಚಂದಾ

ಹೊಸ ಪುಸ್ತಕದ ಮಸಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ನವನಗರದ ಆ ಬೇಸಿಗೆಯ ಮಧ್ಯಾಹ್ನ ನೆನಪಾಗುತ್ತದೆ.

ಸಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ನನ್ನ ಸೋದರತ್ತೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಹಳೆ ಬಾಗಲಕೋಟೆಯ ಕುರಿತು ಮೂರು ಭಾಗದ ಕಾದಂಬರಿ ಬರೆದಿದ್ದಳು. ಪ್ರಕಾಶಕರು ಯಾರೂ ಒಪ್ಪಲಿಲ್ಲ. ತಾನೇ ಅಚ್ಚು ಹಾಕಿಸುತ್ತೇನೆಂದು, ಅಲ್ಲಿಂದ ನವನಗರಕ್ಕೆ ಬಂದು ನೆಲೆಸಿದವರ ಮನೆಮನೆಗೆ ಹೋಗಿ ಮುಂಗಡ ಚಂದಾ ಕೇಳತೊಡಗಿದಳು. ರಸೀದಿ ಪುಸ್ತಕ ಹಿಡಿದು ನಾನೂ ಹೋಗಿದ್ದೆ. ನಾಲ್ಕು ಮನೆಯವರು “ಮುಂದ ನೋಡೂಣ್ರಿ” ಎಂದು ನೀರು ಕೊಟ್ಟು ಕಳಿಸಿದರು.

ಐದನೆಯ ಮನೆಯ ಕಟ್ಟೆಯ ಮೇಲೆ ಗುರವ್ವಜ್ಜಿ ಶೇಂಗಾ ಸುಲಿಯುತ್ತಿದ್ದಳು.

“ನನಗ ಓದಾಕ ಬರೂದಿಲ್ಲವ್ವ. ನಮ್ಮ ಹಳೇ ಓಣಿ ಐತೇನು ಇದರಾಗ?”

“ಐತ್ರಿ, ಎರಡನೇ ಭಾಗದಾಗ,” ಎಂದಳು ಅತ್ತೆ.

“ಅಲ್ಲೀತನ ನಾ ಇರಬೇಕಲ್ಲ? ಈಗ ಓದು, ಕೇಳ್ತೇನಿ.”

ಅತ್ತೆ ಚೀಲದಿಂದ ಹಾಳೆ ತೆಗೆದಳು. ಅದುವರೆಗೆ ಅವಳು ಯಾರಿಗೂ ಓದಿ ಹೇಳಿರಲಿಲ್ಲ; ಎರಡನೇ ಭಾಗ ಹುಡುಕಿ ಓದತೊಡಗಿದಳು. ಕಣ್ಣು ಮುಚ್ಚಿ ಕೇಳುತ್ತಿದ್ದ ಅಜ್ಜಿ ಥಟ್ಟನೆ ಅವಳ ಮಣಿಕಟ್ಟು ಹಿಡಿದಳು.

“ತಡಿ. ಬಾವಿ ಬಾಜೂಕ ಬೇವಿನ ಗಿಡ ಇರಲಿಲ್ಲ, ಹುಣಸಿ ಗಿಡ ಇತ್ತು.”

ಅತ್ತೆ ಅಲ್ಲೇ ಹೊಡೆದುಹಾಕಿ ತಿದ್ದಿದಳು. ಅಜ್ಜಿ ಬೀದಿಗೆ ಮುಖ ಮಾಡಿ ಕೂಗಿದಳು: “ಬರ್ರೆವ್ವಾ, ನಮ್ಮ ಓಣಿ ಬಂದೈತಿ!”

ಹಳೇ ಓಣಿಯವರು ಒಬ್ಬೊಬ್ಬರಾಗಿ ಬಂದು ಕಟ್ಟೆ ತುಂಬಿದರು; ಎಲ್ಲರೂ ಒಂದೊಂದು ತಿದ್ದುಪಡಿ ಹೇಳಿದರು. ಬಾವಿಯ ಹಗ್ಗ ಯಾರದೆಂದು ಜಗಳವೂ ಆಯಿತು. ಸಂಜೆಯೊಳಗೆ ರಸೀದಿ ಪುಸ್ತಕ ಮುಗಿದು, ಉಳಿದವರ ಹೆಸರು ನನ್ನ ಅಂಗೈ ಮೇಲೆ ಬರೆದುಕೊಂಡೆವು. ಮುಂದೆ ಮೂರೂ ಭಾಗ ಅಚ್ಚಾದವು.

ಅಂದು ಮನೆಗೆ ನಡೆಯುತ್ತ ಅತ್ತೆ ಚಂದಾ ಮಾತೇ ಎತ್ತಲಿಲ್ಲ. ಗೀಚಿ ಗೀಚಿ ಕಪ್ಪಾಗಿದ್ದ ಹಾಳೆಗಳನ್ನು ಎದೆಗವಚಿಕೊಂಡು ನಗುತ್ತಿದ್ದಳು.

“ನೋಡಿದೇನ? ಎಷ್ಟು ತಪ್ಪು ಹಿಡದ್ರು ನಂದು!”