ಉತ್ತರದ ಬಾಣ

ಮುನ್ನೂರು ವಾಸ್ತುಶಿಲ್ಪಿಗಳಿದ್ದ ಆ ದೊಡ್ಡ ಕಚೇರಿಯಲ್ಲಿ ಸುಮೇಧಾ ಒಂದೇ ಆಸ್ಪತ್ರೆಯ ನಕ್ಷೆಯನ್ನು ಹನ್ನೊಂದು ಸಲ ಬರೆದಿದ್ದಳು. ವಾಸ್ತು ಪಂಡಿತರದು ಒಂದೇ ಹಟ: "ಹೆಬ್ಬಾಗಿಲು ಪೂರ್ವಕ್ಕೇ ಬರ್ಬೇಕಮ್ಮಾ."

ಆದರೆ ರಸ್ತೆ ಇದ್ದದ್ದು ಪಶ್ಚಿಮಕ್ಕೆ.

"ಇವತ್ತು ಅವರು ಒಪ್ಪದಿದ್ರೆ ನಾಳೆಯಿಂದ ನೀವು ಬರೋದೇ ಬೇಡ," ಎಂದರು ಬಾಸ್.

ಅವಳು ಕಟ್ಟಡವನ್ನು ಮುಟ್ಟಲೇ ಇಲ್ಲ. ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ಬಾಣವನ್ನಷ್ಟೇ ತಲೆಕೆಳಗು ಮಾಡಿದಳು.

"ಆಹಾ, ಈಗ ನೋಡಿ ಲಕ್ಷಣವಾಯ್ತು!" ಪಂಡಿತರು ಕುಂಕುಮ ಹಚ್ಚಿ ಸಹಿ ಹಾಕಿದರು.

ಅವಳಿಗೆ ಬಡ್ತಿ ಸಿಕ್ಕಿತು, ಗಾಜಿನ ಕೋಣೆ ಸಿಕ್ಕಿತು. ಫೋನ್ ಬಂದಾಗಲೆಲ್ಲ ಸೈಟಿನದೇನೋ ಎಂದು ಮೊದಲು ನಂಬರ್ ನೋಡುವುದೂ ಶುರುವಾಯಿತು.

ತಿಂಗಳಾದ ಮೇಲೆ ಸೈಟಿನಿಂದ ಎಂಜಿನಿಯರ್ ಫೋನ್ ಮಾಡಿದ.

"ಮೇಡಂ, ನಿಮ್ಮ ನಕ್ಷೆಯಲ್ಲೇನೂ ತಪ್ಪಿಲ್ಲ. ಸೂರ್ಯನೇ ಪಶ್ಚಿಮದಲ್ಲಿ ಹುಟ್ತಿದ್ದಾನೆ. ಯಾವ ಡಿಪಾರ್ಟ್‌ಮೆಂಟಿಗೆ ಲೆಟರ್ ಬರೀಲಿ?"