ಮೇಜಿನ ಎತ್ತರ

ಹೊಸ ಊರಿನಲ್ಲಿ ಅಂಗಡಿ ಗೊತ್ತುಮಾಡಲು ಹೋಗಿದ್ದ ದರ್ಜಿ ಅಲ್ಲೇ ಕುಸಿದು ತೀರಿಕೊಂಡನೆಂದು ಸುದ್ದಿ ಬಂದಾಗ, ಹೆಂಡತಿ ಅವನು ಕತ್ತರಿಸಿಟ್ಟಿದ್ದ ಕೋಟಿಗೆ ತೋಳು ಕೂಡಿಸುತ್ತಿದ್ದಳು. ವಾರ ಕಳೆದರೂ ಆ ತೋಳು ಹೊಲಿಗೆ ಯಂತ್ರದಿಂದ ಹಾಗೇ ಜೋತುಬಿದ್ದಿತ್ತು. ಮೈದುನ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದುರಿಗೆ ನಿಂತಿದ್ದ.

"ಅತ್ತಿಗೆ, ಅಣ್ಣ ನೋಡಿದ್ದ ಅಂಗಡಿಯ ಯಜಮಾನರು ಕಾಯ್ತಿದ್ದಾರೆ. ಆ ಊರಿಗೆ ಬರ್ತೀರೋ ಇಲ್ಲವೋ, ಒಂದು ಮಾತು ಹೇಳಿಬಿಡಿ. ಬೇರೆಯವರೂ ಕೇಳ್ತಿದ್ದಾರಂತೆ."

"ಬಂದು ಏನಪ್ಪಾ ಮಾಡಲಿ? ನಾನು ಹೊಲಿಯೋಳು. ಬಟ್ಟೆಗೆ ಕತ್ತರಿ ಹಾಕ್ತಿದ್ದದ್ದು ನಿಮ್ಮಣ್ಣ. ಈಚೆಗೆ ಕೈನೋವು ಅಂತ ಪಕ್ಕದಲ್ಲಿ ಕೂತು ನನ್ನ ಕೈಲಿ ನಾಕಾರು ಕತ್ತರಿಸಿದರು, ಅಷ್ಟೇ." ಅವಳು ಜೋತುಬಿದ್ದ ತೋಳನ್ನು ಮಡಚಿ ಯಂತ್ರದ ಮೇಲಿಟ್ಟಳು. "ಇಲ್ಲೇ ಯಾರ ಕೈಕೆಳಗಾದರೂ ಹೊಲ್ಕೊಂಡಿರ್ತೀನಿ. ಬೇಡ ಅಂದುಬಿಡು."

ಮೈದುನ ನಿಟ್ಟುಸಿರಿಟ್ಟು ಜೇಬಿನಿಂದ ಒಂದು ಬಟ್ಟೆಪಟ್ಟಿ ತೆಗೆದ. "ಹಾಗಾದರೆ ಅಲ್ಲಿನ ಬಡಗಿಗೂ ಬೇಡ ಅಂತೀನಿ. ಕತ್ತರಿಸೋ ಮೇಜಿನ ಎತ್ತರ ಅಂತ ಅಣ್ಣ ಅವನಿಗೆ ಇದನ್ನ ಕೊಟ್ಟುಹೋಗಿದ್ದನಂತೆ, ನಾನು ಅಲ್ಲಿಗೆ ಹೋದಾಗ ನನ್ನ ಕೈಗಿತ್ತ. ಅದೂ ತಪ್ಪು ಅಳತೆ! ಬಾಗಿಲಿಗೆಲ್ಲ ತಲೆ ಬಡಿಸಿಕೊಳ್ತಿದ್ದ ಆಳು, ಈ ಮೇಜಿಗೆ ಮಂಡಿಯೂರಿ ಕೂರಬೇಕಾಗ್ತಿತ್ತು."

ಅವಳು ತಟ್ಟನೆ ತಲೆಯೆತ್ತಿದಳು. ಜನ್ಮದಲ್ಲಿ ಅಳತೆ ತಪ್ಪಿದವರಲ್ಲ ಅವರು. ಪಟ್ಟಿಯನ್ನು ಕಸಿದುಕೊಂಡು, ಒಂದು ತುದಿಯನ್ನು ಹಿಮ್ಮಡಿಯಡಿ ಒತ್ತಿ ಹಿಡಿದು, ಇನ್ನೊಂದನ್ನು ಮೇಲಕ್ಕೆಳೆದಳು. ಅದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅವಳ ಸೊಂಟಕ್ಕೆ ಬಂದು ನಿಂತಿತು.

"ಅತ್ತಿಗೆ, ಏನು ಹೇಳಲಿ?"

"ಬರ್ತೀನಿ ಅಂತ ಹೇಳು. ಮೇಜು ಇದೇ ಅಳತೆಗಿರಲಿ."

ಗಂಡನ ದೊಡ್ಡ ಕತ್ತರಿಯನ್ನು ಎತ್ತಿ ಎದೆಗೊತ್ತಿಕೊಂಡಳು. ದೇವರೇ, ಕೈನೋವಿನ ನೆಪ ಹೇಳಿ ನನಗೆ ಕತ್ತರಿ ಕಲಿಸಿ, ನನ್ನ ಚಿಂತೆಯಲ್ಲೇ ಸವೆದುಹೋದ ಜೀವವದು. ಇನ್ನಾದರೂ ಅದಕ್ಕೆ ನಿನ್ನ ಮಡಿಲಲ್ಲಿ ನೆಮ್ಮದಿ ಕೊಡಪ್ಪಾ.